ಮೊಳೆ ಕಾಣದ ಗೋಡೆ

“ಅಜ್ಜಾರ, ಮನಿಯೊಳಗ ನೆಟ್ ಒಯ್ಯಾಕ ಮೂರು ದಾರಿ ಅದಾವ. ಗಾಳಿಯಾಗ ಬಿಡೂದು ಒಂದು. ಕರೆಂಟಿನ ವಾಯರಿನಾಗ ಕುಂಡ್ರಿಸಿ ಕಳಸೂದು ಇನ್ನೊಂದು. ಅದಕ್ಕಂತ ಬ್ಯಾರೆ ಕೇಬಲ್ ಎಳಿಯೂದು ಮೂರನೇದು. ಮೂರರಾಗ ಯಾವುದು ಚಲೋ?”

ಹೀಗೆ ಕೇಳಿದವನು ನನ್ನ ಶಿಷ್ಯ ಅಡಿವೆಪ್ಪ. ಮರುದಿನ ಬೆಳಿಗ್ಗೆ ಅವನು ಒಬ್ಬ ವಕೀಲರ ಮನೆಗೆ ಹೋಗಬೇಕಿತ್ತು. ಕಲ್ಲಿನ ಮನೆ, ದಪ್ಪ ಗೋಡೆ. ತನ್ನ ಚೀಲವನ್ನು ನನ್ನ ಮುಂದೆ ಬಿಚ್ಚಿಟ್ಟಿದ್ದ. ಅದರಲ್ಲಿ ಎರಡು ಕೋಡಿನ ವೈಫೈ ಪೆಟ್ಟಿಗೆ ಇತ್ತು. ಅಡಾಪ್ಟರುಗಳ ಒಂದು ಜೋಡಿ ಇತ್ತು. ಒಂದನ್ನು ಈ ಕೋಣೆಯ ಸಾಕೆಟ್ಟಿಗೆ, ಇನ್ನೊಂದನ್ನು ಆ ಕೋಣೆಯ ಸಾಕೆಟ್ಟಿಗೆ ಚುಚ್ಚಿದರೆ ನೆಟ್ಟು ಕರೆಂಟಿನ ತಂತಿಯೊಳಗೇ ಹಾದು ಬರುತ್ತದೆ. ಟೆಸ್ಟರು, ಸ್ಕ್ರೂಡ್ರೈವರು, ಟೇಪು ಇದ್ದವು. ನಾನು ಚೀಲವನ್ನು ಒಮ್ಮೆ ನೋಡಿದೆ.

ಅಡಿವೆಪ್ಪ ಕೆಲಸದಲ್ಲಿ ಚುರುಕು. ಆದರೆ ಹೋದ ತಿಂಗಳು ಒಂದು ಮನೆಯಲ್ಲಿ ಅವನು ಗೋಡೆ ಕೊರೆಯುವಾಗ ಒಳಗಿದ್ದ ನೀರಿನ ಪೈಪು ಒಡೆದಿತ್ತು. ಅಡಿಗೆಮನೆಯಲ್ಲಿ ಪಾತ್ರೆಗಳು ತೇಲಿದವು. ಮನೆಯವರು ಓಣಿಗೆಲ್ಲ ಕೇಳುವ ಹಾಗೆ ಬೈದರು. ಇದನ್ನು ಅವನು ನನಗೆ ಹೇಳಿರಲಿಲ್ಲ. ಓಣಿ ಹೇಳಿತ್ತು.

ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ. ಆದರೆ ಧಾರವಾಡದಲ್ಲಿ ನನ್ನ ಕೈ ಸೋಕದ ತಂತಿ ಇಲ್ಲ. ಒಮ್ಮೆ ಕೆಲಗೇರಿಯ ದಾರಿಯಲ್ಲಿ ನಾನು ಎಳೆದ ತಂತಿ ಎಷ್ಟು ಬಿಗಿಯಾಗಿತ್ತೆಂದರೆ, ಗುಬ್ಬಿ ಕೂತರೆ ಷಡ್ಜ ಹೊರಡುತ್ತಿತ್ತು, ಕಾಗೆ ಕೂತರೆ ಪಂಚಮ. ಸಂಗೀತದ ಮಾಸ್ತರರು ತಂಬೂರಿ ಹೊತ್ತುಕೊಂಡು ಅಲ್ಲಿಗೆ ಬಂದು ಶ್ರುತಿ ಮಾಡಿಕೊಂಡು ಹೋಗುತ್ತಿದ್ದರು. ನಂಬದವರು ಆ ಕಾಗೆಯನ್ನು ಕೇಳಲಿ.

“ಕುಂಡ್ರು,” ಎಂದೆ. “ಕತಿ ಹೇಳತೀನಿ. ನಿನ್ನ ಮೂರೂ ದಾರಿ ಅದರಾಗ ಅದಾವ.”

ಅವನು ಕೂತ. ನಾನು ಹೇಳಿದೆ.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಮನೆಯ ಮುಂಭಾಗದಲ್ಲಿ ಮೋಟಾರಿನ ಗಾಣ, ಹಿಂಭಾಗದಲ್ಲಿ ವಾಸ. ನಡುವೆ ಒಂದು ಗೋಡೆ. ಅವನ ಅಜ್ಜ ಕಟ್ಟಿಸಿದ್ದು. ಸುಣ್ಣ, ಬೆಲ್ಲ, ಮೆಂತ್ಯ ಅರೆದು ಕಲ್ಲಿಗೆ ಕಲ್ಲು ಕೂಡಿಸಿದ್ದು. ದಪ್ಪ ಎರಡು ಮೊಳ. ಅದರ ಮೇಲೆ ಹಾಸಿಗೆ ಹಾಸಿ ಮಲಗಿದವನು ಮಗ್ಗಲು ಬದಲಿಸಿದರೂ ಬೀಳುತ್ತಿರಲಿಲ್ಲ.

ಆ ಗೋಡೆಗೆ ಮೂರು ತಲೆಮಾರಿನಿಂದ ಒಂದು ಮೊಳೆಯೂ ಬಿದ್ದಿರಲಿಲ್ಲ. ಕ್ಯಾಲೆಂಡರನ್ನು ತೊಲೆಯಿಂದ ದಾರ ಇಳಿಬಿಟ್ಟು ಕಟ್ಟಿದ್ದರು. ಗಾಳಿ ಬೀಸಿದರೆ ಶ್ರಾವಣ ಮುಗಿಯುವ ಮೊದಲೇ ದೀಪಾವಳಿ ಬರುತ್ತಿತ್ತು. ಗಡಿಯಾರ ಸ್ಟೂಲಿನ ಮೇಲೆ ಕೂತಿತ್ತು. ಹಿರಿಯರ ಫೋಟೋಗಳು ಬೆಂಚಿನ ಮೇಲೆ ಸಾಲಾಗಿ ಗೋಡೆಗೆ ಒರಗಿ ಕೂತಿದ್ದವು. ವ್ಯಾಪಾರಿ ಬಂದವರಿಗೆ ನೀರು ಕೊಡುವ ಮೊದಲು ಗೋಡೆ ತೋರಿಸುತ್ತಿದ್ದ.

ಆ ಮನೆಗೆ ಒಬ್ಬ ಸೊಸೆ. ಅವಳ ಅತ್ತೆ ಕಸೂತಿಯಲ್ಲಿ ದೊಡ್ಡ ಕೈ. ಇಳಕಲ್ ಸೀರೆಯ ಸೆರಗಿನ ಮೇಲೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಒಂದು ಗೋಪುರ ತೆಗೆಯುತ್ತಿದ್ದಳು. ಅಂಥ ಗೋಪುರ ಬೇರೆ ಯಾರಿಗೂ ಬರುತ್ತಿರಲಿಲ್ಲ. ಬರೆದಿಟ್ಟ ನಕ್ಷೆ ಇಲ್ಲ, ಲೆಕ್ಕವೆಲ್ಲ ಬೆರಳಲ್ಲಿ. ಸಾಯುವ ಮೊದಲು ಅದನ್ನು ಸೊಸೆಯ ಬೆರಳಿಗೆ ದಾಟಿಸಿದಳು. “ಇದು ನಿನ್ನ ಕೈಯಾಗ ನಿಂದರಬಾರದವ್ವಾ, ಮುಂದ ನಡೀಬೇಕು,” ಎಂದಳು. ಸೊಸೆ ಹೂಂ ಎಂದಳು. ಹೂಂ ಎಂದ ಮೇಲೆ ಅದು ಸಾಲಕ್ಕಿಂತ ಭಾರ.

ನೇಕಾರರ ಸಂಘವೊಂದು ಬೇರೆ ಬೇರೆ ಊರಿನ ಹೆಂಗಸರಿಗೆ ನೆಟ್ಟಿನ ಮೇಲೆ ಕಸೂತಿ ಕಲಿಸುವವರನ್ನು ಹುಡುಕುತ್ತಿತ್ತು. ಸೊಸೆ ಹೆಸರು ಕೊಟ್ಟಳು. ಸಂಘದವರು ಹೇಳಿದರು: ಹನ್ನೊಂದು ಹೆಂಗಸರಿಗೆ ಒಂದು ತಾಸು ಪಾಠ ಮಾಡಿ ತೋರಿಸಬೇಕು. ನಡುವೆ ಚಿತ್ರ ನಿಲ್ಲಬಾರದು. ಮೂರು ಸಲ ಅವಕಾಶ. ನಾಲ್ಕನೆಯದು ಇಲ್ಲ.

ನೆಟ್ಟಿನ ಕಂಬ ಇದ್ದದ್ದು ಮುಂದಿನ ಬೀದಿಯಲ್ಲಿ, ಪೆಟ್ಟಿಗೆ ಇದ್ದದ್ದು ಗಾಣದ ಪಕ್ಕದಲ್ಲಿ. ಸೊಸೆ ಕೂರುವುದು ಗೋಡೆಯ ಆಚೆ. ಮುಂದೆ ಕೂತು ಕಲಿಸೋಣವೆಂದರೆ ಗಾಣದ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳದು. ಗಾಣ ನಿಲ್ಲಿಸೋಣವೆಂದರೆ ಶೇಂಗಾ ಸುಗ್ಗಿ. ರೈತರು ಚೀಲ ಹೊತ್ತು ಬಾಗಿಲಲ್ಲಿ ಸಾಲು ನಿಂತಿದ್ದರು.

ವ್ಯಾಪಾರಿ ಒಬ್ಬ ಮಿಸ್ತ್ರಿಯನ್ನು ಕರೆಸಿದ. ಊರಿಗೇ ದೊಡ್ಡ ಮಿಸ್ತ್ರಿ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಮುದುಕ ತನ್ನನ್ನು ತಾನೇ ಹೊಗಳಿಕೊಂಡ ಎನ್ನುತ್ತೀ.

ಮಿಸ್ತ್ರಿ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. “ಇದಕ್ಕ ಒಂದು ತೂತ ಹಾಕಿ ಕೇಬಲ್ ದಾಟಿಸಿದರ ಆತು,” ಎಂದ. ವ್ಯಾಪಾರಿಯ ಮುಖ ಕೆಂಪಾಯಿತು. “ನನ್ನ ಎದಿಗೆ ಹಾಕು, ಗ್ವಾಡಿಗೆ ಬ್ಯಾಡ,” ಎಂದ.

ಹಾಗಾಗಿ ಮೊದಲು ಗಾಳಿ. ವ್ಯಾಪಾರಿ ಆರು ಕೋಡಿನ ವೈಫೈ ಪೆಟ್ಟಿಗೆ ತರಿಸಿದ. ಅದನ್ನು ಹಚ್ಚಿದರೆ ಎದುರು ಮನೆಯವರಿಗೆ, ಆಚೆ ಬೀದಿಯ ಕ್ಷೌರದ ಅಂಗಡಿಗೆ, ಬಸ್ಸಿನಲ್ಲಿ ಹೋಗುವವರಿಗೆ ಕೂಡ ನೆಟ್ಟು ಸಿಕ್ಕಿತು. ಗೋಡೆಯ ಆಚೆ ಕೂತ ಸೊಸೆಗೆ ಮಾತ್ರ ಚೂರು ಚೂರು ಬಂತು. ಪಾಠದ ಹೊತ್ತಿಗೆ ಸೂಜಿ ಅರ್ಧ ಬಟ್ಟೆಯೊಳಗೆ ಇರುವಾಗ ಚಿತ್ರ ನಿಂತಿತು. ಆ ಕಡೆಯ ಹೆಂಗಸರು ನಿಂತ ಚಿತ್ರ ನೋಡಿಯೇ ಎಳೆ ಎಣಿಸಿದರು. ಹನ್ನೊಂದು ಊರಲ್ಲಿ ಹನ್ನೊಂದು ಗೋಪುರ ವಾಲಿದವು. ಒಂದು ಅವಕಾಶ ಹೋಯಿತು.

ಎರಡನೆಯದು ಕರೆಂಟು. ಮಿಸ್ತ್ರಿ ಒಂದು ಅಡಾಪ್ಟರು ಆಚೆ ಚುಚ್ಚಿದ, ಒಂದು ಈಚೆ ಚುಚ್ಚಿದ. ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಚಿತ್ರ ಎಣ್ಣೆಯ ಹಾಗೆ ಜಾರಿತು. ವ್ಯಾಪಾರಿ ಕುಣಿದ. ಆದರೆ ಬೆಳಿಗ್ಗೆ ಗಾಣ ಶುರುವಾಗಿರಲಿಲ್ಲ. ಪಾಠ ಅರ್ಧವಾಗುವ ಹೊತ್ತಿಗೆ ಮೋಟಾರು ಹಚ್ಚಿದರು. ಅದೇ ತಂತಿಯಲ್ಲಿ ಮೋಟಾರಿನ ಗದ್ದಲವೂ ಬಂತು. ಚಿತ್ರ ಬಿದ್ದ ಹಂಚಿನ ಹಾಗೆ ಒಡೆಯಿತು. ಎರಡನೆಯ ಅವಕಾಶ ಹೋಯಿತು.

ಇಲ್ಲಿಗೆ ಅಡಿವೆಪ್ಪ ನನ್ನ ಮಾತು ತಡೆದ. “ಅಟ್ಟದ ಮ್ಯಾಲಿಂದ ಕೇಬಲ್ ಒಯ್ಯಬೇಕಿತ್ತಲ್ರಿ, ಅಜ್ಜಾರ? ಇಲ್ಲಾಂದರ ಬಾಗಲದಾಗಿಂದ?”

“ಅಟ್ಟದ ಮ್ಯಾಲ ಏನಿತ್ತು, ಶೇಂಗಾ. ಶೇಂಗಾ ತಿಂದ ಇಲಿ ಎಷ್ಟು ದಪ್ಪ ಇದ್ದವಂದರ, ಬೆಕ್ಕು ಅವಕ್ಕ ನಮಸ್ಕಾರ ಮಾಡಿ ಹೋಗತಿತ್ತು. ಕೇಬಲ್ ಹಾಕಿದ ದಿನಾನ ತಿಂದು ಮುಗಿಸಿದವು. ಇನ್ನ ಬಾಗಲಾ. ಹೊಸ್ತಿಲ ಮ್ಯಾಲ ವಾಯರ್ ಎಳೆದರ ಎಣ್ಣಿ ಡಬ್ಬಿ ಹೊತ್ತಾವ ಎಡವತಾನ. ಆಮ್ಯಾಲ ಎಣ್ಣಿ ಬಳಿಯಾಕ ನಿಮ್ಮಪ್ಪ ಬರತಾನೇನು?”

ಅವನು ನಕ್ಕ. ನಾನು ಮುಂದುವರಿಸಿದೆ.

ಉಳಿದದ್ದು ಒಂದೇ ಅವಕಾಶ. ಉಳಿದದ್ದು ಒಂದೇ ದಾರಿ. ವ್ಯಾಪಾರಿ ಮತ್ತೆ ಹೇಳಿದ: “ಇನ್ನೂ ದೊಡ್ಡ ಪೆಟಿಗಿ ತರಸೋಣು. ಎಂಟು ಕೋಡಿಂದು.”

ಅಂದು ಸೊಸೆ ಒಳಗೆ ಹೋಗಿ ಟ್ರಂಕು ತೆಗೆದಳು. ಅತ್ತೆಯ ಮದುವೆಯ ಸೀರೆ ತಂದು ಮಾವನ ಮುಂದೆ ಸೆರಗು ಹರಡಿದಳು. ಸೆರಗಿನ ತುಂಬ ಗೋಪುರಗಳು.

“ಮಾವಾರ, ಇದರಾಗ ಎಷ್ಟು ತೂತ ಅದಾವ, ಎಣಸ್ರಿ.”

“ಹುಚ್ಚಿ ಆದೀ ಏನು? ನಿಮ್ಮತ್ತಿ ಇದನ್ನ ದೇವರ ಹಂಗ ಇಟ್ಟಿದ್ದಳು. ತೂತ ಎಲ್ಲಿಂದ ಬರಬೇಕು?”

“ನೋಡಿ ಹೇಳ್ರಿ.”

ವ್ಯಾಪಾರಿ ಕನ್ನಡಕ ಹಾಕಿಕೊಂಡ. ಸೆರಗನ್ನು ಬೆಳಕಿಗೆ ಹಿಡಿದ. ಮುಂದೆ ನೋಡಿದ, ಹಿಂದೆ ನೋಡಿದ. ಮುಂದೆ ಹೇಗೋ ಹಿಂದೆಯೂ ಹಾಗೇ ಇತ್ತು. ಗಂಟು ಇಲ್ಲ, ಜೋತ ದಾರ ಇಲ್ಲ.

“ಒಂದೂ ಇಲ್ಲ,” ಎಂದ.

“ಸೂಜಿ ಹೋದಲ್ಲೆಲ್ಲಾ ತೂತ ಅದಾವ್ರಿ. ಒಂದು ಗೋಪುರಕ್ಕ ಸಾವಿರ. ಅತ್ತಿಯಾರು ದಾರ ತುಂಬ್ಯಾರ, ಅದಕ್ಕ ನಿಮಗ ಕಾಣಂಗಿಲ್ಲ. ಬಟ್ಟಿಗೆ ಸೂಜಿ ತಾಗಬಾರದು ಅಂತ ಅವರು ಕುಂತಿದ್ದರ ಇದು ಬರೇ ಸೀರಿ ಆಗಿರತಿತ್ತು. ಗ್ವಾಡಿ ಕಾಯಾಕ ನೀವು ಅದೀರಿ. ಅವರ ಗೋಪುರ ಕಾಯಾಕ ನಾ ಒಬ್ಬಾಕೀನ ಅದೀನಿ. ನಾ ಇದನ್ನ ಕಲಿಸೇ ಕಲಸತೀನಿ, ಮಾವಾರ. ಗ್ವಾಡಿ ಈಚಿಂದ ಆಗಲಿಲ್ಲಂದರ ಬೀದ್ಯಾಗ ಕುಂತು ಕಲಸತೀನಿ.”

ಮಾವ ಸೆರಗಿನ ಒಂದು ಗೋಪುರದ ಮೇಲೆ ಬೆರಳಾಡಿಸಿದ. ಆಮೇಲೆ ಅದನ್ನು ತಾನೇ ಮಡಚಿದ. ಮಡಿಕೆ ಓರೆಯಾಯಿತು. ಮಿಸ್ತ್ರಿಯ ಕಡೆ ನೋಡದೆ ಹೇಳಿದ: “ನಿನ್ನ ಡ್ರಿಲ್ ತಗೊಂಡು ಬಾ.”

ಡ್ರಿಲ್ಲಿನ ತುದಿಗೆ ಹಾಕುವ ಕೊರೆಯುವ ಸರಳಿಗೆ ಬಿಟ್ಟು ಎನ್ನುತ್ತಾರೆ; ಮಿಸ್ತ್ರಿಯ ಬಳಿ ಇದ್ದ ಅತಿ ಉದ್ದದ ಬಿಟ್ಟು ಒಂದು ಮೊಳದ ಮೇಲೆ ನಾಲ್ಕು ಬೆರಳು. ಗೋಡೆ ಎರಡು ಮೊಳ. ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಬೇಕು. ಒಂದು ಬೆರಳು ತಪ್ಪಿದರೆ ಗೋಡೆಗೆ ಎರಡು ಗಾಯ, ತಂತಿಗೆ ದಾರಿ ಇಲ್ಲ. ಎಲ್ಲಿ ಕೊರೆಯಬೇಕೆಂದು ಸೊಸೆ ಗುರುತು ಮಾಡಿದಳು. ಕೆಂಪು ದಾರ ಹಿಡಿದು ಬಾಗಿಲ ಚೌಕಟ್ಟಿನಿಂದ ಅಳೆದಳು, ನೆಲದಿಂದ ಅಳೆದಳು, ಆಚೆ ಹೋಗಿ ಅದೇ ದಾರದಿಂದ ಅಷ್ಟೇ ಅಳೆದಳು. ಮೂರು ಸಲ. ಆ ಗೋಡೆಯಲ್ಲಿ ನೀರಿನ ಪೈಪು ಇದೆಯೇ, ಹಳೆಯ ತಂತಿ ಇದೆಯೇ ಎಂದು ಮನೆಯವರನ್ನೆಲ್ಲ ಕೇಳಿದಳು. ಮಿಸ್ತ್ರಿ ಕೇಳಬೇಕಾದದ್ದನ್ನು ಅವಳೇ ಕೇಳಿದಳು.

ಮಿಸ್ತ್ರಿ ಕೊರೆದ. ಮುಂಭಾಗದಿಂದ ಒಂದು ಮೊಳ ಸುಲಭವಾಗಿ ಹೋಯಿತು. ಹಿಂಭಾಗದಿಂದ ಶುರು ಮಾಡಿದ ಕೂಡಲೇ ರೊಟ್ಟಿಯಷ್ಟು ಅಗಲದ ಗಾರೆ ಕಳಚಿ ಬಿತ್ತು. ಮೂರು ತಲೆಮಾರಿನ ಗಾರೆ. ವ್ಯಾಪಾರಿ ಕಣ್ಣು ಮುಚ್ಚಿದ. ಅಡಿವೆಪ್ಪಾ, ಆ ದೊಡ್ಡ ಮಿಸ್ತ್ರಿ ಹಿಂದೆ ಸರಿದ. ಡ್ರಿಲ್ಲು ಕೆಳಗಿಟ್ಟ. “ಇನ್ನ ನನ್ನ ಕಡೆಯಿಂದ ಆಗಂಗಿಲ್ಲ,” ಎಂದ.

ಸೊಸೆ ಗಾರೆಯ ಚೂರನ್ನು ಮೊರಕ್ಕೆ ಎತ್ತಿಟ್ಟಳು. “ನಾವೂ ಎಳಿ ತಪ್ಪತೀವಿ, ಅಣ್ಣಾ,” ಎಂದಳು. “ತಪ್ಪಿದಲ್ಲಿಗೆ ತಿರುಗಿ ಹೋಗಿ ಬಿಚ್ಚತೀವಿ, ಮತ್ತ ಸೂಜಿ ಹಾಕತೀವಿ. ಬಟ್ಟಿ ಮೂಲಿಗೆ ಒಗದು ಎದ್ದು ಹೋಗಂಗಿಲ್ಲ. ಹಿಡೀರಿ ನಿಮ್ಮ ಮಷೀನು.”

ಮಿಸ್ತ್ರಿ ಹಿಡಿದ. ನಡುವೆ ಕರಿಕಲ್ಲು ಸಿಕ್ಕಿತು. ಬಿಟ್ಟು ಕಾದು ಕೆಂಪಾಯಿತು. ಗಾಣದವನೊಬ್ಬ ಬಂದು ಅದರಲ್ಲೇ ಬೀಡಿ ಹಚ್ಚಿಕೊಂಡು ಹೋದ. ಮಿಸ್ತ್ರಿ ಬಿಡಲಿಲ್ಲ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯುವಾಗ ಬಿಟ್ಟು ತಟ್ಟನೆ ಹಗುರಾಯಿತು. ಎರಡು ತೂತು ಕೂಡಿದ್ದವು.

ವ್ಯಾಪಾರಿ ಮುಂಭಾಗಕ್ಕೆ ಹೋಗಿ ಬಗ್ಗಿ ತೂತಿಗೆ ಕಣ್ಣಿಟ್ಟ. ಆ ತುದಿಯಲ್ಲಿ ಸೊಸೆಯ ಕಣ್ಣು ಇತ್ತು. ಅವಳು ಸರಿದಳು. ಆಗ ಅವನಿಗೆ ಹಿಂದಿನ ಕೋಣೆಯ ಕಿಟಕಿ, ಕಿಟಕಿಯ ಕೆಳಗೆ ಚೌಕಟ್ಟಿಗೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಅರ್ಧ ಎದ್ದ ಗೋಪುರ ಕಂಡವು. ಹೆಂಡತಿ ನಲವತ್ತು ವರ್ಷ ಅಲ್ಲೇ ಕೂತಿದ್ದಳು. ಅವಳು ಕೂತು ಏನು ಮಾಡುತ್ತಿದ್ದಳು ಎಂಬುದನ್ನು ಅವನು ನೋಡಿದ್ದು ಆ ದಿನ.

ಮೂರನೆಯ ಪಾಠ ನಡೆಯಿತು. ಗಾಣ ತಿರುಗುತ್ತಿತ್ತು, ಇಲಿಗಳು ಅಟ್ಟದಲ್ಲಿ ಓಡಾಡುತ್ತಿದ್ದವು, ಒಂದು ತಾಸು ಚಿತ್ರ ಕಣ್ಣು ಮಿಟುಕಿಸಲಿಲ್ಲ. ಹನ್ನೊಂದು ಗೋಪುರ ನೆಟ್ಟಗೆ ನಿಂತವು. ಈಗ ಆ ವ್ಯಾಪಾರಿ ಬಂದವರಿಗೆ ನೀರು ಕೊಡುವ ಮೊದಲು ತೂತು ತೋರಿಸುತ್ತಾನೆ. ಗಡಿಯಾರ ಮಾತ್ರ ಇನ್ನೂ ಸ್ಟೂಲಿನ ಮೇಲೇ ಇದೆ.

ಕತೆ ಮುಗಿಯಿತು. ಅಡಿವೆಪ್ಪ ತನ್ನ ಪೆಟ್ಟಿಗೆ, ಅಡಾಪ್ಟರು ಎಲ್ಲವನ್ನೂ ಒಂದೊಂದಾಗಿ ಚೀಲದೊಳಗೆ ಇಟ್ಟುಕೊಂಡ.

“ಹಂಗಾರ ಕೇಬಲ್ಲೇ ಚಲೋ ಅಂದಂಗಾತು, ಅಜ್ಜಾರ?”

“ತೆಳು ಗ್ವಾಡಿ ಮನಿಗೆ ಗಾಳಿ ಸಾಕು. ಮೋಟಾರ ಇಲ್ಲದ ಮನಿಗೆ ಕರೆಂಟೂ ನಡೀತದ. ಮನಿ ನೋಡಿ ಆರಿಸಬೇಕು.”

“ಮತ್ತ ನಾಳಿನ ಮನಿಗೆ?”

ನಾನು ಅವನ ಚೀಲದ ಬಾಯಿ ಕಟ್ಟಿ ಅವನ ಕೈಗೆ ಕೊಟ್ಟೆ.

“ಮೂರರಾಗ ಯಾವುದು ಚಲೋ ಅಂತ ಕೇಳತೀ, ಚೀಲದಾಗ ಎರಡ ಇಟಗೊಂಡು, ಡ್ರಿಲ್ ಮನ್ಯಾಗ ಬಿಟ್ಟು ಬಂದೀಯಲ್ಲೋ.”