ಮರಗಂಟೆ ಗುಡ್ಡ

ಜಪಮಾಲೆಪಾಳ್ಯದ ಕ್ರೈಸ್ತ ದೇವಾಲಯದ ಹಿಂದಿನ ಕಾಲುದಾರಿ ಹಿಡಿದು ಹತ್ತಿದರೆ ಬೋಳು ನೆತ್ತಿಯ ಗುಡ್ಡವೊಂದು ಸಿಗುತ್ತದೆ. ನೆತ್ತಿಯ ಮೇಲೆ, ಕಲ್ಲುಚಪ್ಪರದ ನೆರಳಿನಲ್ಲಿ, ಒಂದು ಮರದ ದಿಮ್ಮಿ ಮಲಗಿದೆ. ಮೈಯೆಲ್ಲ ಏಟು ತಿಂದ ಗುಳಿಗಳು. ಗುಡ್ಡದಾಚೆಯಿಂದ ಊರಿಗೆ ಬರುವವರ ಬಲಮಗ್ಗುಲು ನೆಟ್ಟಗೆ ಕಮರಿಗೆ ಇಳಿಯುತ್ತದೆ. ಸುತ್ತಲಿನವರು ಇದನ್ನು ಮರಗಂಟೆ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿಗೆ ಇನ್ನಾಸಿ ಸ್ವಾಮಿಗಳೆಂಬ ಗುರುಗಳಿದ್ದರು. ಮುಂಗೋಪಿ, ಆದರೆ ಬೆಣ್ಣೆಯಂಥ ಮನಸ್ಸು. ದೇವಾಲಯದ ಗಂಟೆ ಹೊಡೆಯುವ ಸೇವೆ ಚೌರಪ್ಪನದು. ಶಿಲುಬೆಯಲ್ಲಿ ಪ್ರಭು ಪಟ್ಟ ಪಾಡುಗಳ ನೆನಪಿಗಾಗಿ ಪವಿತ್ರ ಗುರುವಾರದ ಪೂಜೆಯಾದ ಮೇಲೆ ಪ್ರಭು ಮತ್ತೆ ಎದ್ದ ಪಾಸ್ಕ ಹಬ್ಬದ ತನಕ ಗಂಟೆ ಮೌನವಾಗಿರಬೇಕು. ಜನರನ್ನು ಕರೆಯಲು ಮರದ ಹಲಗೆ ಬಡಿಯಬೇಕು. ಆ ವರ್ಷದ ಶುಭ ಶುಕ್ರವಾರ ಗುಡ್ಡದಾಚೆಯ ಹಟ್ಟಿಯಲ್ಲಿ ಮುದುಕನೊಬ್ಬ ಕೊನೆಯುಸಿರಿನಲ್ಲಿದ್ದಾನೆಂದು ಸುದ್ದಿ ಬಂತು. ಸ್ವಾಮಿಗಳು ಅವನಿಗೆ ಕೊನೆಯದಾಗಿ ಕೊಡಬೇಕಾದ ಪರಮಪ್ರಸಾದವನ್ನು ಎದೆಗವಚಿಕೊಂಡು ಒಬ್ಬರೇ ಹೊರಟರು. ಮಧ್ಯಾಹ್ನ ಅಕಾಲದ ಮಳೆ ಹುಯ್ದು, ನಿಂತ ಮೇಲೆ ಗುಡ್ಡವನ್ನೆಲ್ಲ ಮಂಜು ನುಂಗಿತು. ಸಂಜೆಯಾದರೂ ಅವರು ಹಿಂತಿರುಗಲಿಲ್ಲ. ಅವರ ಕಣ್ಣಿಗೋ ಪೊರೆ ಬಂದಿತ್ತು. ಚೌರಪ್ಪನಿಗೆ ಕಮರಿಯೊಂದೇ ಕಣ್ಣಮುಂದೆ ಬರುತ್ತಿತ್ತು. ಸದ್ದು ಕೇಳಿ ಅವರು ದಾರಿ ಹಿಡಿದಾರೆಂದು ಗಂಟೆಯ ಹಗ್ಗದ ಮೇಲೆ ಕೈಯಿಟ್ಟವನು ಎಳೆಯಲಾರದೆ ನಿಂತ.

"ಎಳೆಯೋ ಚೌರಪ್ಪ, ದೇವರಿಗೆ ಅರ್ಥ ಆಗ್ತದೆ" ಎಂದಳು ಸೂಲಗಿತ್ತಿ ಆರೋಗ್ಯಮ್ಮ.

"ದೇವರಿಗೆ ಆಗ್ತದೆ ಕಣವ್ವ, ಸ್ವಾಮಿಗೋಳಿಗೆ ಆಗಬೇಕಲ್ಲ! ಹೋದ ವರ್ಷ ಮರೆತು ಒಂದೇಟು ಹೊಡೆದದ್ದಕ್ಕೆ ಪಾಸ್ಕದ ಗಂಟ ನನ್ನ ಮೋರೆ ನೋಡಲಿಲ್ಲ."

"ಹಂಗಾದ್ರೆ ಮರಾನೇ ಬಡಿಯಾನ. ಅದಕ್ಕೇನು ಬಾಯಿ ಕಟ್ಟಿಲ್ಲವಲ್ಲ!"

ಕೈಹಲಗೆಯ ಸದ್ದು ಗುಡ್ಡದ ಬುಡವನ್ನೂ ದಾಟುತ್ತಿರಲಿಲ್ಲ. ಹೆಂಗಸರು ಒನಕೆ ಹೊತ್ತರು, ಗಂಡಸರು ನೊಗ, ಕೊರಡು, ಕೈಗೆ ಸಿಕ್ಕ ಮಣೆ ಹಿಡಿದರು. ಕಾಲುದಾರಿ ತಡವಿಕೊಂಡು ಇಡೀ ಊರೇ ಗುಡ್ಡ ಹತ್ತಿತು. ನೆತ್ತಿಯಲ್ಲಿ ಒಂದು ಪೊಳ್ಳು ಮರ ಉರುಳಿ ಬಿದ್ದಿತ್ತು. ಆರೋಗ್ಯಮ್ಮ ಮೊದಲ ಏಟು ಹಾಕಿದಳು; ರಾಗಿ ಕುಟ್ಟುವ ಲಯದಲ್ಲಿ ಉಳಿದವರು ಜೊತೆಗೂಡಿದರು. ಗುಡ್ಡವೇ ಎದೆ ಬಡಿದುಕೊಂಡಂತೆ ಕೇಳಿಸಿತಂತೆ. ತೋಳು ಸೋತರೂ ಚೌರಪ್ಪ ನಿಲ್ಲಿಸಲಿಲ್ಲ. ಏಟಿಗೊಂದು ಬಾರಿ "ಸ್ವಾಮಿ ದಯೆತೋರು" ಎನ್ನುತ್ತಿದ್ದ.

ಕೊನೆಗೆ ಮಂಜಿನೊಳಗಿಂದ ಕೆಮ್ಮು ಕೇಳಿಸಿತು. ಹಿಂದೆಯೇ, "ಸಾಕು ಮಾಡ್ರಪ್ಪ, ಬಂದೆ! ಮರ ಪುಡಿಯಾದೀತು!" ಎಂಬ ಗದರಿಕೆ. ಚೌರಪ್ಪ ಓಡಿಹೋಗಿ ಆ ಕೆಸರಿನ ಪಾದಗಳನ್ನು ಹಿಡಿದು ಮಗುವಿನಂತೆ ಅತ್ತ.

"ಬಲಕ್ಕೆ ಗಂಟೆ ಕೇಳಿಸ್ತು ಕಣೋ," ಎಂದರು ಸ್ವಾಮಿಗಳು. "ಕಾಲು ಆ ಕಡೆಗೇ ತಿರುಗಿತ್ತು. ಆಮೇಲೆ ಹೊಳೀತು, ಶುಭ ಶುಕ್ರವಾರ ನಮ್ಮ ಚೌರಪ್ಪ ಗಂಟೆ ಮುಟ್ಟಿಯಾನೇ? ಅಲ್ಲೇ ನಿಂತೆ. ಆಗ ಎಡಕ್ಕೆ ಮರದ ಸದ್ದು ಬಂತು."

ಬಲಕ್ಕೆ ಇದ್ದದ್ದು ಕಮರಿ. ಅಂಚಿನಲ್ಲಿ ಮೇಕೆಗಳು ಮೇಯುತ್ತಿದ್ದವು; ಸ್ವಾಮಿಗಳು ಕೇಳಿದ್ದು ಅವುಗಳ ಕೊರಳ ಗಂಟೆಯನ್ನು. ಅಂದು ದೇವಾಲಯದ ಗಂಟೆಯೂ ಮೊಳಗಿದ್ದರೆ ಅವರು ಅನುಮಾನಿಸದೆ ಆ ಸದ್ದಿನತ್ತಲೇ ನಡೆದುಬಿಡುತ್ತಿದ್ದರು. ಹಗ್ಗ ಎಳೆಯದೆ ನಿಂತ ತನ್ನ ಕೈಯನ್ನು ಚೌರಪ್ಪ ಬಹಳ ಹೊತ್ತು ನೋಡಿಕೊಂಡನಂತೆ. ಆ ಕೈಯನ್ನು ಹಿಡಿದು ತಡೆದವನು ದೇವರೇ ಎಂದು ಊರು ಇಂದಿಗೂ ನಂಬುತ್ತದೆ.

ಆ ಪೊಳ್ಳು ಮರ ಎಂದೋ ಮಣ್ಣಾಯಿತು. ಈಗಿರುವುದು ಅನಂತರದವರು ತಂದಿಟ್ಟ ದಿಮ್ಮಿ. ಪ್ರತಿ ಶುಭ ಶುಕ್ರವಾರ ಮನೆಗೊಬ್ಬರು ಮರದ ವಸ್ತುವೊಂದನ್ನು ತಂದು ಅದಕ್ಕೆ ಒಂದೇಟು ಹಾಕಿ ಇಳಿಯುತ್ತಾರೆ. ಅಂದು ಬಂದವರು ಇನ್ನೊಂದನ್ನೂ ಕಾಣಬಹುದು. ಕಮರಿಯಂಚಿನಲ್ಲಿ ಮೇಕೆ ಮೇಯಿಸುವವರು, ಯಾವ ದೇವರ ಒಕ್ಕಲೇ ಆಗಿರಲಿ, ಬೆಳಿಗ್ಗೆಯೇ ಮೇಕೆಗಳ ಕೊರಳ ಗಂಟೆಗೆ ಹುಲ್ಲು ತುರುಕಿರುತ್ತಾರೆ.