ಮಣ್ಣಗಳ್ಳನ ದಿನ್ನಿ

ಬೆಣಚಿಹಾಳದಿಂದ ಪಡುವಲಕ್ಕ ನಡೆದರ ಒಂದು ದಿನ್ನಿ ಸಿಗ್ತದ. ಬುಡದಿಂದ ನೆತ್ತಿತನಕ ಅಡ್ಡಡ್ಡ ಕಲ್ಲಿನ ಒಡ್ಡು. ದೂರದಿಂದ ನೋಡಿದರ ಯಾರೋ ಗುಡ್ಡಕ್ಕ ಮೆಟ್ಟಲ ಕಟ್ಟಿಸ್ಯಾರ ಅನ್ನಿಸ್ತದ. ಹೆಸರು ಮಾತ್ರ ಮಣ್ಣಗಳ್ಳನ ದಿನ್ನಿ. ಇಂಥ ಹಸನಾದ ಹೊಲಕ್ಕ ಕಳ್ಳನ ಹೆಸರು ಯಾಕ ಅಂತ ಹೊಸಬರು ಕೇಳ್ತಾರ.

ಹಿಂದೊಮ್ಮೆ ಇಲ್ಲಿ ಒಂದು ಒಡ್ಡೂ ಇರಲಿಲ್ಲ. ಆಗಿನ ಮಳಿ ತಿಂಗಳಾನುಗಟ್ಟಲೆ ಮುನಿಸಿಕೊಂಡು ಕೂತು, ಬಂದರ ಒಂದ ಮಧ್ಯಾಹ್ನದಾಗ ಎಲ್ಲಾ ಸುರಿದು ಹೋಗ್ತಿತ್ತು. ಗೌಡರ ಜೋಡೆತ್ತು ಮೇವಿನ ಗ್ವಾದಲಿ ಸಮೇತ ತೇಲಿ ಮುಂದಿನ ಊರು ಮುಟ್ಟಿದ್ವಂತ. ಅಲ್ಲಿ ಒಂದು ಸುಗ್ಗಿ ದುಡಿದು, ಕೊರಳಿಗೆ ಹೊಸ ಗೆಜ್ಜಿ ಕಟ್ಟಿಸಿಕೊಂಡು ತಾವ ತಿರುಗಿ ಬಂದ್ವು ಅಂತಾರ. ನಂಬದವರು ಆ ಊರಿಗೆ ಹೋಗಿ ಕೇಳಬಹುದು.

ದಿನ್ನಿಯ ನಡುವ ಹುಲಿಗೆವ್ವನ ಹೊಲ. ಗಂಡ ಸತ್ತ ಮ್ಯಾಲೆ ಒಬ್ಬಾಕಿನ ಗಳೆ ಹೊಡೆದು ಬಿತ್ತುವಾಕಿ. ಊರಾಗ ಆಕಿ ಯಾರನ್ನೂ ನಂಬಿದಾಕಿ ಅಲ್ಲ. ಹಾಲು ಬಚ್ಚಿಡ್ತದಂತ ತನ್ನ ಎಮ್ಮೀನೂ ಗದರುವಾಕಿ. ವರ್ಷಾ ವರ್ಷಾ ಹೊಲದ ಮೆತ್ತನ್ನ ಮಣ್ಣು ತೆಳ್ಳಗಾಗಿ, ಕೆಳಗಿನ ಗರಸುಕಲ್ಲು ಎಲುಬಿನಂಗ ಎದ್ದಿತ್ತು. ಈ ಸಲಾನೂ ಜ್ವಾಳ ಮೊಣಕಾಲು ದಾಟದಿದ್ದರ ಮನಿಗೆ ಕೀಲಿ ಹಾಕಿ, ಕೂಲಿಗೆ ಊರು ಬಿಡೋದ ಉಳಿದಿತ್ತು.

ಅಂಥಾದ್ರಾಗ ಭರಮಣ್ಣ ಅನ್ನೋ ಪರವೂರಾಂವ ಬಂದು, ಆಕಿ ಹೊಲದ ಕೆಳಗ ಯಾರಿಗೂ ಬ್ಯಾಡಾದ ತುಂಡು ಹಿಡಿದ. ಇಳಿಜಾರಿಗೆ ಅಡ್ಡ ಕಲ್ಲು ಜೋಡಿಸಿದ. ಜ್ವಾಳದ ಸಾಲಿನ ನಡುನಡುವ ತೊಗರಿ, ಮಡಕಿಕಾಳು ಅಕ್ಕಡಿ ಹಾಕಿದ. ನೀವೂ ಒಡ್ಡು ಹಾಕ್ರಿ, ನೀರು ನಿಲ್ತದ, ಅಂತ ಮನಿ ಮನಿ ತಿರುಗಿ ಹೇಳಿದ. ಪುಕ್ಕಟೆ ಬುದ್ಧಿ ಹೇಳಾವನ್ನ ನಂಬೋದು ಹೆಂಗ? ನಿಧಿ ಹುಡುಕಾಕ ಬಂದಾನ ಅಂದ್ರು ಕೆಲವರು, ಕಂದಾಯ ಏರಸಾಕ ಕಳಿಸ್ಯಾರ ಅಂದ್ರು ಇನ್ನ ಕೆಲವರು. ಒಬ್ಬರೂ ಕಲ್ಲು ಮುಟ್ಟಲಿಲ್ಲ.

ಹುಲಿಗೆವ್ವ ದಿನಾ ಮ್ಯಾಲಿಂದ ಅವನ ಕೈ ನೋಡಿಕೋತ ಕೂತಳು. ಒಂದು ದೊಡ್ಡ ಮಳಿ ಆದ ಮರುದಿನ ಕಳವು ಸಿಕ್ಕೇಬಿಟ್ಟಿತು. ಭರಮಣ್ಣನ ಒಡ್ಡಿನ ಹಿಂದ ಗೇಣುದ್ದ ಹೊಸ ಮಣ್ಣು ಕೂತಿತ್ತು; ಆಕಿ ಹೊಲ ಮತ್ತಷ್ಟು ಬೋಳಾಗಿತ್ತು. ಒಂದು ಹಿಡಿ ಎತ್ತಿ ಮೂಸಿದಳು. ತನ್ನ ತಿಪ್ಪಿ ಗೊಬ್ಬರದ ವಾಸನಿ. ನೆಟ್ಟಗ ಗೌಡರ ಕಟ್ಟಿಗೆ ಹೋದಳು, ಊರು ಕೂಡಿತು.

"ಇಂವ ನನ್ನ ಮಣ್ಣು ಕದ್ದಾನ್ರಿ ಗೌಡ್ರ."

"ನಾ ಒಂದು ಬುಟ್ಟೀನೂ ಹೊತ್ತಿಲ್ಲಬೇ ಯಕ್ಕಾ. ತಾನ ನಡಕೋತ ಬಂತು," ಅಂದ ಭರಮಣ್ಣ.

"ನಡಕೋತ ಬಂದಿದ್ದಕ್ಕ ನೀ ಕಲ್ಲಿನ ಬಲಿ ಹಾಸಿ ಕೂತೀಯೇನು?"

"ಹೂಂ, ಹಾಸೀನಿ. ಮುಂದಿನ ಮಳಿಗೆ ಇನ್ನಷ್ಟು ಬರ್ತದ. ಬಂದದ್ದನ್ನ ನಾ ಬಿಡಾವಲ್ಲ."

ಕಳ್ಳ ತಾನ ಒಪ್ಪಿಕೊಂಡಿದ್ದ. ಆದರ ಆ ಮಣ್ಣಾಗ ಯಾರದೆಷ್ಟು ಅಂತ ಆರಿಸಿ ಕೊಡೋದು ಹೆಂಗಂತ ಗೌಡರು ತಲಿ ಕೆರಕೊಂಡರು. ಹುಲಿಗೆವ್ವ ಅವರ ತೀರ್ಪಿಗೆ ಕಾಯಲಿಲ್ಲ. ತನ್ನ ಹೊಲದ ಕೆಳಗಿನ ಅಂಚಿಗೆ ತಾನ ಕಲ್ಲು ಹೊತ್ತು, ಮಣ್ಣು ದಾಟದಂಗ ಒಡ್ಡು ಹಾಕಿದಳು. ಮುಂದಿನ ಮಳಿಗೆ ಮ್ಯಾಲಿನ ಹೊಲದ ಮಣ್ಣು ಬಂದು ಆಕಿ ಒಡ್ಡಿಗೆ ನಿಂತಿತು. ಆಗ ಮ್ಯಾಲಿನವರು ಆಕೀನ ಕಳ್ಳಿ ಅಂದು, ತಾವೂ ಕಟ್ಟಿದರು. ಅವರನ್ನ ಇನ್ನ ಮ್ಯಾಲಿನವರು ಬೈದು ಕಟ್ಟಿದರು. ಹಿಂಗ ಬೈಗಳು ದಿನ್ನಿ ಏರಿಕೋತ ನೆತ್ತಿ ಮುಟ್ಟಿತು. ಆ ವರ್ಷ ಜ್ವಾಳ ಎಷ್ಟು ಎತ್ತರ ಬಂತಂದ್ರ, ತೆನಿ ಮುಟ್ಟಾಕ ಗುಬ್ಬಿಗಳು ನಡುವ ಒಮ್ಮೆ ಕೂತು ದಣಿವಾರಿಸಿಕೋತಿದ್ವಂತ. ಹುಲಿಗೆವ್ವ ಊರು ಬಿಡಲಿಲ್ಲ.

ಸುಗ್ಗಿ ಮುಗಿದ ಮ್ಯಾಲೆ ಭರಮಣ್ಣ ಗಂಟು ಕಟ್ಟಿದ. ದಿನ್ನಿ ಬುಡದಾಗ ಹುಲಿಗೆವ್ವ ಅಡ್ಡ ನಿಂತಳು.

"ಖರೇ ಹೇಳು. ನಮ್ಮ ಕೈಲಿ ಒಡ್ಡು ಕಟ್ಟಸಾಕ ಬೇಕಂತ ಕಳ್ಳ ಅನ್ನಿಸಿಕೊಂಡ್ಯೇನು?"

"ಮ್ಯಾಲಿಂದ ಏನೂ ಬರವಲ್ದಬೇ ಯಕ್ಕಾ. ಇಲ್ಲಿ ಇನ್ನ ಕದಿಯೋದೇನೈತಿ? ಬ್ಯಾರೆ ಊರು ನೋಡ್ತೀನಿ."

ಆಕಿ ಅವನ ಮುಖ ನೋಡಿದಳು, ನಂಬಲಿಲ್ಲ. ಗಂಟು ಬಿಚ್ಚಿಸಿದಳು, ಒಂದು ಕಂಬಳಿ, ನಾಕು ರೊಟ್ಟಿ. ಕಡೀಕ ಅವನ ಕಾಲಾಗಿನ ಚಪ್ಪಲಿ ಕಡೆ ಬಟ್ಟು ಮಾಡಿ, "ಕೆರ ಝಾಡಿಸಿ ಹೋಗು. ನನ್ನ ಮಣ್ಣು ಮೆತ್ತೇದ," ಅಂದಳು.

ಅವ ನಕ್ಕೋತ ಝಾಡಿಸಿ ಹೋದ. ಇವತ್ತಿಗೂ ದಿನ್ನಿ ಇಳಿದವರು ಕಡೀ ಒಡ್ಡಿನ ಕಲ್ಲಿಗೆ ಕೆರ ಬಡಿದು, ಮಣ್ಣು ಉದುರಿಸಿಯೇ ದಾರಿ ಹಿಡೀತಾರ. ಬಡಿದು ಬಡಿದು ಆ ಕಲ್ಲು ಬಟ್ಟಲದಂಗ ಸವೆದದ. ಯಾರು ನೋಡ್ತಾರ ಅಂತ ಹಂಗ ಹೋಗಬ್ಯಾಡ್ರಿ. ಯಾವುದೋ ಒಡ್ಡಿನ ಮ್ಯಾಲೆ ಒಬ್ಬ ಮುದುಕಿ ಕೂತು ನಿಮ್ಮ ಕಾಲನ್ನ ನೋಡ್ತಿರ್ತಾಳ.