ಅಂಬಿಗ ಬೊಮ್ಮಯ್ಯನ ಖಂಡಸಕ್ಕರೆ

ಯಾವ ಕಾಲವೋ, ಯಾರ ಆಳ್ವಿಕೆಯೋ, ಹೇಳುವವರಿಲ್ಲ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ಊರಿತ್ತು, ಆ ಊರಿಗೊಬ್ಬ ಅಂಬಿಗನಿದ್ದ, ಬೊಮ್ಮಯ್ಯ ಅಂತ. ಊರವರು ಕೊಟ್ಟ ಅಕ್ಕಿಯಲ್ಲಿ ಅವನ ಹೊಟ್ಟೆ ನಡೆಯುತ್ತಿತ್ತು. ಪರದೇಶಿಗಳು ದೋಣಿ ಹತ್ತಿದರೆ ಮಾತ್ರ ಕೂಲಿ ಬೇಡ, ಒಂದು ಶಬ್ದ ಕೊಡಿ ಅನ್ನುತ್ತಿದ್ದನಂತೆ. ಅರಬರು ಕೊಟ್ಟರು, ಪಾರಸಿಯವರು ಕೊಟ್ಟರು, ಫ್ರೆಂಚರು ಕೊಟ್ಟರು. ಓದು ಬಾರದವನು, ಹುಟ್ಟು ಹಾಕುತ್ತಾ ಅದನ್ನೇ ಹಾಡಿಕೊಂಡು ನೆನಪಿಡುತ್ತಿದ್ದನಂತೆ.

ಮಗಳು ಸಾತು ಆಚೆ ದಡದ ಪಾದ್ರಿಗಳ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಳು. ಕಂಡವರ ಹತ್ತಿರ ಶಬ್ದ ಬೇಡುವ ಅಪ್ಪ ಅಂದರೆ ಅವಳಿಗೆ ನಾಚಿಕೆ. ತಾನು ಯಾರ ಮಗಳೆಂದು ಶಾಲೆಯಲ್ಲಿ ಹೇಳಿರಲೇ ಇಲ್ಲ.

ಒಂದು ದಿನ ಶಾಲೆಯ ದೊರೆಸಾನಿ ಸಾತುವನ್ನೂ ಉಳಿದ ಹುಡುಗಿಯರನ್ನೂ ಕರೆದುಕೊಂಡು ಅವನ ದೋಣಿಯನ್ನೇ ಹತ್ತಿದಳು. ಎಲ್ಲರ ಕೈಗೂ ಕಲ್ಲುಸಕ್ಕರೆಯ ಹರಳು ಹಾಕಿ ಕ್ಯಾಂಡಿ ಅಂದಳು. ಬೊಮ್ಮಯ್ಯ ಹುಟ್ಟು ನಿಲ್ಲಿಸಿ ನಕ್ಕನಂತೆ. ಹುಡುಗಿಯರು ಕಿಸಕ್ಕೆಂದರು. ನೀನು ಈ ದಡದವಳಲ್ಲವೇ, ಈ ಮುದುಕ ನಿನಗೆ ಗೊತ್ತೇ ಎಂದು ದೊರೆಸಾನಿ ಸಾತುವನ್ನು ಕೇಳಿದಳು. ಸಾತು ಇಂಗ್ಲಿಷಿನಲ್ಲಿ ಅಂದಳು, "ಇಲ್ಲ, ಯಾರೋ ಅಂಬಿಗ."

ಅಷ್ಟು ಇಂಗ್ಲಿಷ್ ಅವನಿಗೆ ತಿಳಿಯುತ್ತಿತ್ತು.

"ಅಮ್ಮಾವ್ರೇ, ದೊರೆಸಾನಿಯವರಿಗೆ ತಿಳಿಸಿ ಹೇಳಿ," ಅಂದ. ಹೆತ್ತ ಮಗಳಿಗೆ. ಇವರ ಕ್ಯಾಂಡಿಯನ್ನು ಇವರಿಗೆ ಕೊಟ್ಟವರು ಫ್ರೆಂಚರು, ಅವರಲ್ಲಿ ಅದು ಕಾಂದಿ. ಅದಕ್ಕೂ ಹಿಂದೆ ಅರಬರ ಬಾಯಲ್ಲಿ ಕಂದಿ, ಇನ್ನೂ ಹಿಂದೆ ಪಾರಸಿಯವರ ಬಾಯಲ್ಲಿ ಕಂದ್. ಅವರಿಗೆ ಅದು ನಮ್ಮ ಸೀಮೆಯಿಂದಲೇ ಹೋದದ್ದು, ಸಂಸ್ಕೃತದ ಖಂಡ. ನಾವೀಗಲೂ ಖಂಡಸಕ್ಕರೆ ಅನ್ನುತ್ತೇವಲ್ಲ, ಅದೇ.

ಸಾತು ತಲೆ ತಗ್ಗಿಸಿ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ದೊರೆಸಾನಿ ಬೆರಗಾದಳು. ಇಂಥವನಿಗೆ ಮಕ್ಕಳಿಲ್ಲವೇ, ಇದನ್ನೆಲ್ಲ ಕಲಿಯಲು, ಕೇಳು ಅಂದಳು. ಸಾತು ಕೇಳಿದಳು. ಕೇಳುವಾಗ ಅಪ್ಪನ ಮುಖ ನೋಡಲಿಲ್ಲ.

"ಇಲ್ಲ ಅಂತ ಹೇಳಿ, ಅಮ್ಮಾವ್ರೇ."

ಅದನ್ನೂ ಅವಳೇ ಹೇಳಬೇಕಾಯಿತು. ಹೇಳಿದಳು.

ಆ ಸಂಜೆ ಬೊಮ್ಮಯ್ಯ ಎಂದಿನ ಹಾಗೆ ಮೀನಿನ ನಡುತುಂಡನ್ನು ಅವಳಿಗೇ ಬಡಿಸಿದನಂತೆ. ಆ ಮಾತು ಎತ್ತಲಿಲ್ಲ. ನಾಳೆ ತಪ್ಪಾಯಿತು ಅನ್ನೋಣ, ನಾಡಿದ್ದು ಅನ್ನೋಣ ಎಂದು ಸಾತು ದಿನ ದೂಡಿದಳು. ಮಳೆಗಾಲ ಬಂತು. ಅದನ್ನು ದಾಟಿ ಬೊಮ್ಮಯ್ಯ ಉಳಿಯಲಿಲ್ಲ.

ಸಾತು ಶಾಲೆ ಬಿಟ್ಟು ಹುಟ್ಟು ಹಿಡಿದಳು ಅಂತಾರೆ. ದೋಣಿಗೆ ಕಾಲಿಡುವಾಗೆಲ್ಲ, ಯಾರೂ ಕೇಳದಿದ್ದರೂ, "ನಾನು ಅಂಬಿಗರ ಬೊಮ್ಮಯ್ಯನ ಮಗಳು" ಅನ್ನುತ್ತಿದ್ದಳಂತೆ. ಈಗಲೂ ಆ ಊರಲ್ಲಿ ದೋಣಿ ಹತ್ತುವವರು ಮೊದಲು ಅಪ್ಪನ ಹೆಸರು ಹೇಳುತ್ತಾರೆ, ನೀರಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೇ ಕೂರುತ್ತಾರೆ.